ಎಲ್ಲ ಚಿಪ್ಪೂ ಸುಣ್ಣವೇ ಆದರೆ, ಒಳಗಿನ ಲೋಹಗಳು ಯಾಕೆ ಬೇರೆ ಬೇರೆ?

ಕಾಸರಗೋಡಿನ ಬೇಕಲ ಕಡಲತೀರದ ಮರಳಲ್ಲಿ ಹೆಕ್ಕಿದ ಮರುವಾಯಿ (ಕ್ಲ್ಯಾಮ್) ಚಿಪ್ಪು, ಮುರು (ಆಯ್ಸ್ಟರ್) ಚಿಪ್ಪು ಎರಡನ್ನೂ ಸುಟ್ಟರೆ ಸಿಗುವುದು ಸುಣ್ಣವೇ. ಹಾಗಿದ್ದೂ ಸ್ಟ್ರಾಂಷಿಯಂ, ಮೆಗ್ನೀಸಿಯಂ ಒಂದರಲ್ಲಿ ಜಾಸ್ತಿ, ಇನ್ನೊಂದರಲ್ಲಿ ಕಡಿಮೆ ಯಾಕೆ ಅಂತ ಕೇಳಿದ್ದೀರಿ. ಮೊದಲ ಕಾರಣ ಹರಳಿನ ಜೋಡಣೆ.

ಚಿಪ್ಪಿನ ಕ್ಯಾಲ್ಸಿಯಂ ಕಾರ್ಬೊನೇಟ್ ಮುಖ್ಯವಾಗಿ ಎರಡು ರೂಪದಲ್ಲಿ ಹರಳುಗಟ್ಟುತ್ತದೆ. ಅರಗೊನೈಟ್‌ನಲ್ಲಿ ಕ್ಯಾಲ್ಸಿಯಂ ಕೂರುವ ಜಾಗ ವಿಶಾಲ. ಕ್ಯಾಲ್ಸಿಯಂಗಿಂತ ದೊಡ್ಡದಾದ ಸ್ಟ್ರಾಂಷಿಯಂ ಅಲ್ಲಿ ಸುಲಭವಾಗಿ ಸೇರಿಕೊಳ್ಳುತ್ತದೆ. ಕ್ಯಾಲ್ಸೈಟ್‌ನಲ್ಲಿ ಜಾಗ ಇಕ್ಕಟ್ಟು, ಪುಟ್ಟ ಮೆಗ್ನೀಸಿಯಂಗೆ ಅದೇ ಸರಿ. ಮರುವಾಯಿ ಕಟ್ಟುವುದು ಅರಗೊನೈಟ್, ಮುರು ಬಹುಪಾಲು ಕ್ಯಾಲ್ಸೈಟ್. ಮೈತುಂಬ ಮುಳ್ಳಿರುವ ಸೀ ಅರ್ಚಿನ್‌ನ ಕ್ಯಾಲ್ಸೈಟ್‌ನಲ್ಲಂತೂ ಮೆಗ್ನೀಸಿಯಂ ತುಂಬಾ ಜಾಸ್ತಿ.

ಆದರೆ ಸುಮ್ನೆ ಹರಳಿನ ಲೆಕ್ಕ ಹಿಡಿದರೆ ಸಾಲದು. ಹವಳವೂ ಅರಗೊನೈಟೇ ಅಲ್ವಾ? ಅದರಲ್ಲಿ 1000 ಕ್ಯಾಲ್ಸಿಯಂ ಪರಮಾಣುಗಳಿಗೆ ಸುಮಾರು 9 ಸ್ಟ್ರಾಂಷಿಯಂ ಇರುತ್ತದೆ. ಮರುವಾಯಿ ಜಾತಿಯವುಗಳಲ್ಲಿ ಸಾಮಾನ್ಯವಾಗಿ ಅದಕ್ಕಿಂತ ಎಷ್ಟೋ ಕಡಿಮೆ. ಚಿಪ್ಪು ಬೆಳೆಯುವ ಜಾಗಕ್ಕೆ ಏನನ್ನು ಬಿಡಬೇಕು ಅಂತ ಪ್ರಾಣಿಯ ಅಂಗಾಂಶವೇ ಸೋಸುತ್ತದೆ. ನನಗೆ ಇದೇ ಅತಿ ಸುಂದರ ಸಂಗತಿ ಅನಿಸುತ್ತದೆ.

ನೀರೂ ಗುರುತು ಬಿಡುತ್ತದೆ. ನೀರು ಬಿಸಿಯಾದಂತೆ ಹವಳದಲ್ಲಿ ಸ್ಟ್ರಾಂಷಿಯಂ ಪಾಲು ಇಳಿಯುತ್ತದೆ. ನದಿಯ ಕೆಸರು ಬೇರಿಯಂ ಅನ್ನುವ ಇನ್ನೊಂದು ಲೋಹವನ್ನು ತರುತ್ತದೆ. ಮಳೆಗಾಲದಲ್ಲಿ ಚಂದ್ರಗಿರಿ ಹೊಳೆ ಕೆಂಪಗೆ ಕಡಲು ಸೇರುವುದನ್ನು ನೋಡಿರುತ್ತೀರಿ. ಅಂಥ ನದೀಮುಖಗಳ ಹತ್ತಿರದ ಹವಳಗಳಲ್ಲಿ ನೆರೆ ಬಂದ ವರ್ಷಗಳು ಬೇರಿಯಂ ಏರಿಕೆಯಾಗಿ ಉಳಿದುಕೊಳ್ಳುತ್ತವೆ.