ಸರ್ವೇಯ ಕ್ರಮವನ್ನೇ ಕೆಲಸದ ಕ್ರಮ ಮಾಡ್ಕೋಬೇಡಿ

ವೆಬ್ ಪುಟದ ರೂಪ, ಜೋಡಣೆ ಬರೆಯೋ ಭಾಷೆ ಸಿಎಸ್‌ಎಸ್. ಅದರ ಬಗ್ಗೆ ನಡೆಯೋ 'ಸ್ಟೇಟ್ ಆಫ್ ಸಿಎಸ್‌ಎಸ್' ಸರ್ವೇಯಲ್ಲಿ ಡೆವಲಪರ್‌ಗಳು ದೊಡ್ಡ ತಲೆನೋವು ಅಂದದ್ದನ್ನೆಲ್ಲ ಅದೇ ಕ್ರಮದಲ್ಲಿ ಸರಿಮಾಡ್ತಾ ಹೋದ್ರೆ ಸಾಕಾ ಅಂತ ಕೇಳಿದ್ದೀರಿ. ಚಿತ್ರದುರ್ಗದಲ್ಲಿ ನಿಮ್ಮ ತಂಡ ಈಗ ಮಾಡೋಕೆ ಹೊರಟಿರೋದನ್ನೇ ದಾವಣಗೆರೆಯಲ್ಲಿ ನಾವು ಮಾಡಿ ಮುಗಿಸಿದ್ದೀವಿ. ಮೆಕ್ಕೆಜೋಳ ಮಾರೋ ರೈತರು ಮಾಲು ತರೋ ದಿನವನ್ನ ಮೊದಲೇ ಕಾದಿರಿಸೋ ತಾಣ ಅದು. ಡೆವಲಪರ್‌ಗಳ ದೂರಿನ ಪಟ್ಟಿಯಲ್ಲಿ ಫ್ಲೆಕ್ಸ್ ಗ್ಯಾಪ್ (ಸಾಲಾಗಿ ಜೋಡಿಸಿದ ಬಟನ್‌ನಂಥವುಗಳ ನಡುವೆ ಜಾಗ ಬಿಡೋ ಸಿಎಸ್‌ಎಸ್ ಫೀಚರ್) ಮೇಲಿತ್ತು, ಹಾಗಾಗಿ ಕೆಲಸ ಅಲ್ಲಿಂದಲೇ ಶುರುವಾಯ್ತು. ಸಫಾರಿಗೆ ಅದು ಬಂದದ್ದು 2021ರ 14.1ರಲ್ಲಿ. ಅದಕ್ಕಿಂತ ಹಳೆಯ ಐಫೋನ್‌ಗಳಲ್ಲಿ ಬಟನ್‌ಗಳು ಒಂದಕ್ಕೊಂದು ಅಂಟಿಕೊಳ್ತಿದ್ವು. ಅಂಟಿಕೊಂಡ್ರೂ ಒತ್ತಬಹುದಿತ್ತು. ಅದೇ ಹೊತ್ತಿಗೆ ಆಂಡ್ರಾಯ್ಡ್‌ನಲ್ಲಿ ಫಾರ್ಮಿನ ಕೊನೆಯ 'ಕಾದಿರಿಸಿ' ಬಟನ್ ಕಣ್ಣಿಗೇ ಬೀಳ್ತಿರಲಿಲ್ಲ, ಮತ್ತು ಅದು ಯಾವ ಡೆವಲಪರ್‌ನ ಉತ್ತರದಲ್ಲೂ ಇರಲಿಲ್ಲ.

ಕಾರಣ ಇದು. ಆಂಡ್ರಾಯ್ಡ್ ಕ್ರೋಮ್ 100 ವಿಎಚ್ (ಪರದೆಯಷ್ಟೇ ಎತ್ತರ ಅನ್ನೋ ಸಿಎಸ್‌ಎಸ್ ಅಳತೆ) ಎತ್ತರವನ್ನ ಅಡ್ರೆಸ್ ಬಾರ್ ಇಲ್ಲ ಅಂದ್ಕೊಂಡು ಲೆಕ್ಕ ಹಾಕುತ್ತೆ. ಬಾರ್ ಕಾಣ್ತಿರೋವಾಗ ಅದರ ಎತ್ತರದಷ್ಟು ಪುಟ ಪರದೆಯ ಕೆಳಗೆ ಹೋಗುತ್ತೆ. ಪುಟಕ್ಕೆ ಓವರ್‌ಫ್ಲೋ ಹಿಡನ್ (ಹೊರಗೆ ಮಿಕ್ಕದ್ದನ್ನ ಮರೆಮಾಡೋ ನಿಯಮ) ಹಾಕಿ ಸ್ಕ್ರೋಲನ್ನ ಒಳಗಿನ ಡಿವ್‌ಗೆ, ಅಂದ್ರೆ ಪುಟದೊಳಗಿನ ಒಂದು ಚೌಕಕ್ಕೆ, ಕೊಟ್ಟಿದ್ರೆ ಇನ್ನೂ ಕೆಟ್ಟದ್ದು: ಒಳಗಿನ ಡಿವ್ ಎಷ್ಟು ಸರಿಸಿದ್ರೂ ಬಾರ್ ಮಡಚಿಕೊಳ್ಳಲ್ಲ, ಬಟನ್ ಮೇಲೆ ಬರೋದೇ ಇಲ್ಲ. ಡೆವಲಪರ್ ಲ್ಯಾಪ್‌ಟಾಪಿನ ಡೆವ್‌ಟೂಲ್ಸ್‌ನಲ್ಲಿ (ಬ್ರೌಸರ್ ಒಳಗಿನ ಪರೀಕ್ಷಾ ಸಾಧನ) ಫೋನಿನ ಅಳತೆ ಇಟ್ಟು ನೋಡಿದ್ರೆ ಅಲ್ಲಿ ಅಡ್ರೆಸ್ ಬಾರೇ ಇರಲ್ಲ. ಕಾಣದ ತೊಂದರೆಯನ್ನ ಯಾರೂ ಸರ್ವೇಯಲ್ಲಿ ಬರೆಯಲ್ಲ.

ನಿಮ್ಮ ಪ್ರಶ್ನೆಯ ಬುಡವೇ ಸರಿಯಿಲ್ಲ ಅಂತ ನಾನು ಹೇಳೋದು ಇದಕ್ಕೇ. ಸರ್ವೇ ಅಳೆಯೋದು ಕೋಡ್ ಬರೆಯೋರ ಕಷ್ಟವನ್ನ, ಬಳಸೋರ ಕಷ್ಟವನ್ನಲ್ಲ. ಅದು ನಿಜವಾಗಿ ಬೇಕಾದದ್ದು ಬ್ರೌಸರ್ ಮಾಡೋರಿಗೆ. ವೆಬ್ ಡೆವಲಪರ್‌ಗಳ ಮಾಹಿತಿ ತಾಣ ಎಂಡಿಎನ್‌ನ 2019ರ ಸಮೀಕ್ಷೆಗೆ 28,000ಕ್ಕೂ ಹೆಚ್ಚು ಜನ ಉತ್ತರಿಸಿದ್ರು, ಬ್ರೌಸರ್‌ಗಳ ನಡುವಿನ ವ್ಯತ್ಯಾಸ ಅದರ ದೊಡ್ಡ ದೂರುಗಳಲ್ಲೊಂದು. ಆ ವ್ಯತ್ಯಾಸ ಕಡಿಮೆ ಮಾಡೋಕೆ ಆಮೇಲೆ ಬಂದ ಕಾಂಪ್ಯಾಟ್ 2021 ಯೋಜನೆ ಐದು ಸಿಎಸ್‌ಎಸ್ ವಿಷಯ ಹಿಡಿಯಿತು: ಫ್ಲೆಕ್ಸ್‌ಬಾಕ್ಸ್, ಗ್ರಿಡ್ (ಅಡ್ಡ-ಉದ್ದ ಮನೆಗಳಲ್ಲಿ ಜೋಡಿಸೋದು), ಸ್ಟಿಕಿ, ಆಸ್ಪೆಕ್ಟ್ ರೇಷಿಯೋ, ಟ್ರಾನ್ಸ್‌ಫಾರ್ಮ್. 2022ರಿಂದ ಅದೇ ಕೆಲಸ ಇಂಟರಾಪ್ ಹೆಸರಲ್ಲಿ ನಡೀತಿದೆ, ಆಪಲ್, ಗೂಗಲ್, ಮೈಕ್ರೋಸಾಫ್ಟ್, ಮೊಝಿಲ್ಲಾ ಒಟ್ಟಿಗೆ ಕೂತು. ಅವರೂ ಸರ್ವೇ ಒಂದನ್ನೇ ನಂಬಲಿಲ್ಲ. ಬಗ್ ವರದಿ, ಬಳಕೆಯ ಅಂಕಿ, ವೆಬ್ ಪ್ಲಾಟ್‌ಫಾರ್ಮ್ ಟೆಸ್ಟ್‌ಗಳ (ಡಬ್ಲ್ಯೂಪಿಟಿ, ಎಲ್ಲ ಬ್ರೌಸರ್‌ಗೂ ಒಂದೇ ಪರೀಕ್ಷೆ) ಫಲಿತಾಂಶ ಎಲ್ಲವನ್ನೂ ಪಕ್ಕ ಇಟ್ಟುಕೊಂಡೇ ಆರಿಸಿದ್ದು.

ಇನ್ನು ನಮಗೆ ದುಬಾರಿಯಾದ ತಪ್ಪು. ಇದನ್ನ ಸ್ವಲ್ಪ ಬಿಡಿಸಿಯೇ ಹೇಳ್ತೀನಿ. ತಂಡದೊಳಗಿನ ಸರ್ವೇಯಲ್ಲಿ ಕೇಳಿದ ಪ್ರಶ್ನೆ 'ಯಾವ ಫೀಚರ್ ನಿಮಗೆ ತೊಂದರೆ ಕೊಡುತ್ತೆ?' ಅಂತ. ಈ ಒಂದು ವಾಕ್ಯದೊಳಗೆ ಮೂರು ಬೇರೆ ಬೇರೆ ಸಂಗತಿ ಸೇರಿಕೊಂಡಿವೆ. ಬ್ರೌಸರ್‌ನಲ್ಲಿ ಆ ಫೀಚರ್ ಇಲ್ಲವೇ ಇಲ್ಲ, ಇದು ಒಂದು. ಇದೆ, ಆದ್ರೆ ಒಂದೊಂದು ಕಡೆ ಒಂದೊಂದು ಥರ ನಡೆಯುತ್ತೆ, ಇದು ಇನ್ನೊಂದು. ಎಲ್ಲ ಕಡೆ ಸರಿಯಾಗೇ ಇದೆ, ನನಗೆ ಬಳಸೋಕೆ ಬರಲ್ಲ, ಇದು ಮೂರನೆಯದು. ಮೊದಲನೆಯದಕ್ಕೆ ಬದಲಿ ದಾರಿ ಬೇಕು. ಎರಡನೆಯದಕ್ಕೆ ಚಿಕ್ಕ ಟೆಸ್ಟ್ ಪುಟ ಮಾಡಿ ಬಗ್ ಹಾಕಬೇಕು. ಮೂರನೆಯದಕ್ಕೆ ಒಂದು ಮಧ್ಯಾಹ್ನ ಕೂರಿಸಿ ಹೇಳಿಕೊಟ್ಟರೆ ಮುಗೀತು. ಮೂರನ್ನೂ ಕೂಡಿಸಿ ಶೇಕಡಾವಾರು ತೆಗೆದ್ರೆ ಸಿಗೋ ಅಂಕಿಯಿಂದ ಯಾವ ಕೆಲಸಕ್ಕೂ ದಾರಿ ಸಿಗಲ್ಲ. ಜೊತೆಗೆ, ಭಯಪಟ್ಟು ಗ್ರಿಡ್ ಮುಟ್ಟದೇ ಇರೋರು ಗ್ರಿಡ್ ಬಗ್ಗೆ ದೂರೋದಿಲ್ಲ. ದೂರು ಕಡಿಮೆ ಇದೆ ಅಂದ್ರೆ ಸರಿಯಿದೆ ಅಂತಲ್ಲ, ಯಾರೂ ಬಳಸ್ತಿಲ್ಲ ಅಂತಲೂ ಇರಬಹುದು.

ಸರ್ವೇ ಮಾಡಲೇಬೇಕು ಅಂದ್ರೆ ಹೀಗೆ ಮಾಡಿ. ಮೊದಲ ಪ್ರಶ್ನೆ ಪಟ್ಟಿ ತೋರಿಸದೇ ಇರಲಿ: 'ಕಳೆದ ತಿಂಗಳು ಬ್ರೌಸರ್ ವ್ಯತ್ಯಾಸದಿಂದ ನಿಂತ ಒಂದು ಕೆಲಸ ಬರೆಯಿರಿ, ಯಾವ ಬ್ರೌಸರ್, ಯಾವ ಆವೃತ್ತಿ, ಏನು ಮಾಡಿ ದಾಟಿಸಿದಿರಿ, ಎಷ್ಟು ಗಂಟೆ ಹೋಯ್ತು.' ಪಟ್ಟಿ ಮೊದಲೇ ಕಂಡ್ರೆ ಎಲ್ಲರೂ ಅದರಲ್ಲಿರೋದನ್ನೇ ನೆನಪಿಸಿಕೊಳ್ತಾರೆ. ಆಮೇಲೆ 12 ವಿಷಯ ಆರಿಸಿ, ನಾಲ್ಕು ನಾಲ್ಕರಂತೆ 9 ಗುಂಪು ಮಾಡಿ, ಪ್ರತಿ ವಿಷಯ ಮೂರು ಸಲ ಬರೋ ಹಾಗೆ. ಪ್ರತಿ ಗುಂಪಲ್ಲಿ ಅತಿ ಹೆಚ್ಚು ಕಾಡೋದು ಒಂದು, ಅತಿ ಕಡಿಮೆ ಕಾಡೋದು ಒಂದು ಆರಿಸಲಿ. 'ಹೆಚ್ಚು' ಬಂದದ್ದರಲ್ಲಿ 'ಕಡಿಮೆ' ಕಳೆದು, ತೋರಿಸಿದ ಸಲಗಳಿಂದ ಭಾಗಿಸಿ. ಐದರಲ್ಲಿ ಎಷ್ಟು ಅಂತ ಅಂಕ ಕೇಳಿದ್ರೆ ಕೆಲವರು ಎಲ್ಲದಕ್ಕೂ ಐದೇ ಹಾಕ್ತಾರೆ, ಇಲ್ಲಿ ಆರಿಸದೇ ಗತಿಯಿಲ್ಲ. ಇಪ್ಪತ್ತು ಜನ ಉತ್ತರಿಸಿದ್ದಕ್ಕೆ ದಶಾಂಶದಲ್ಲಿ ಶೇಕಡಾ ತೆಗೆಯಬೇಡಿ, ಅವರಲ್ಲಿ ಐದು ಜನಕ್ಕೆ ಫೋನ್ ಮಾಡಿ.

ಮೇಲೆ ಬಂದ ವಿಷಯ ಡಬ್ಲ್ಯೂಪಿಟಿ ಫಲಿತಾಂಶದಲ್ಲಿ ಎಲ್ಲ ಬ್ರೌಸರ್‌ನಲ್ಲೂ ಪಾಸ್ ಆಗಿದ್ರೆ ಮೊದಲು ನಿಮ್ಮ ಕೋಡನ್ನೇ ಅನುಮಾನಿಸಿ. ಟೆಸ್ಟ್ ಪುಟದಲ್ಲೂ ಹುಷಾರು. ಫ್ಲೆಕ್ಸ್ ಗ್ಯಾಪ್ ಇದೆಯಾ ಅಂತ ಸಪೋರ್ಟ್ಸ್ ನಿಯಮದಿಂದ (ಬ್ರೌಸರ್‌ಗೆ ಒಂದು ಫೀಚರ್ ಗೊತ್ತಾ ಅಂತ ಕೇಳೋ ಸಿಎಸ್‌ಎಸ್ ಸಾಲು) ಕೇಳಿದ್ರೆ ಹಳೆ ಸಫಾರಿ 'ಇದೆ' ಅನ್ನುತ್ತೆ, ಯಾಕಂದ್ರೆ ಗ್ರಿಡ್‌ಗೆ ಅದೇ ಗ್ಯಾಪ್ ಅದರಲ್ಲಿದೆ. ಕಾಲಮ್ ದಿಕ್ಕಿನ ಫ್ಲೆಕ್ಸ್ ಡಿವ್‌ನಲ್ಲಿ ಎರಡು ಖಾಲಿ ಡಿವ್ ಇಟ್ಟು, 1 ಪಿಕ್ಸೆಲ್ ಗ್ಯಾಪ್ ಕೊಟ್ಟು, ಸ್ಕ್ರೋಲ್ ಎತ್ತರ 1 ಬಂತಾ ಅಂತ ನೋಡೋದೇ ಸರಿ.

ಕೊನೆಗೆ ಕ್ರಮ. ತೊಂದರೆ ತಟ್ಟಿದ ಸೆಷನ್‌ಗಳ (ತಾಣಕ್ಕೆ ಒಬ್ಬರ ಒಂದು ಭೇಟಿ) ಸಂಖ್ಯೆಯನ್ನ ಲಾಗ್‌ನಿಂದ ತೆಗೀರಿ. ಕೆಲಸವೇ ನಿಲ್ಲೋದಾದ್ರೆ ಮೂರರಿಂದ, ನೋಡೋಕೆ ಮಾತ್ರ ಕೆಟ್ಟದಾದ್ರೆ ಒಂದರಿಂದ ಗುಣಿಸಿ, ಸರಿಮಾಡೋ ಗಂಟೆಗಳಿಂದ ಭಾಗಿಸಿ. ಎರಡು ವಿಷಯ ಸರಿಸಮ ಬಂದಾಗ ಮಾತ್ರ ಸರ್ವೇ ಅಂಕ ನೋಡಿ.

ಬಟನ್ ವಿಷಯಕ್ಕೆ ಬಂದ್ರೆ, ಮೊದಲ ಸಾಲಲ್ಲಿ 100 ವಿಎಚ್, ಅದರ ಕೆಳಗೆ 100 ಡಿವಿಎಚ್ (ಬಾರ್ ಬಿಟ್ಟು ಆ ಹೊತ್ತಿಗೆ ಕಾಣೋ ಎತ್ತರ) ಬರೆದ್ರೆ ಹಳೇ ಬ್ರೌಸರ್ ಎರಡನೇ ಸಾಲನ್ನ ಬಿಟ್ಟುಬಿಡುತ್ತೆ. ಆದ್ರೆ ಕ್ರೋಮ್‌ಗೆ ಡಿವಿಎಚ್ ಬಂದದ್ದು 108ರಲ್ಲಿ, ಆಂಡ್ರಾಯ್ಡ್ 6ರ ಫೋನ್‌ಗಳಿಗೆ ಕ್ರೋಮ್ 106ಕ್ಕೇ ನಿಂತುಹೋಗಿದೆ. ಅಪ್‌ಡೇಟ್ ಮಾಡಿ ಅಂತ ಅವರಿಗೆ ಹೇಳಿ ಪ್ರಯೋಜನ ಇಲ್ಲ. ಅವರಿಗಾಗಿ ಓವರ್‌ಫ್ಲೋ ಹಿಡನ್ ತೆಗೆದು, ಇಡೀ ಪುಟವೇ ಸ್ಕ್ರೋಲ್ ಆಗಲಿ, ಬಟನ್ ಫಾರ್ಮಿನ ಕೆಳಗೆ ಸಾಮಾನ್ಯವಾಗಿ ಬರಲಿ. ಇಂಥ ಫೋನ್ ಎಷ್ಟಿವೆ ಅಂತ ಎಣಿಸೋವಾಗ ಯೂಸರ್ ಏಜೆಂಟ್‌ನಲ್ಲಿರೋ (ಬ್ರೌಸರ್ ತಾಣಕ್ಕೆ ಕಳಿಸೋ ತನ್ನ ಗುರುತಿನ ಸಾಲು) ಆಂಡ್ರಾಯ್ಡ್ ಆವೃತ್ತಿ ನೋಡಬೇಡಿ: 2023ರಿಂದ ಬಂದ ಕ್ರೋಮ್ ಆವೃತ್ತಿಗಳು ಫೋನಿನ ಆಂಡ್ರಾಯ್ಡ್ ಯಾವುದೇ ಇದ್ರೂ ಅಲ್ಲಿ 'ಆಂಡ್ರಾಯ್ಡ್ 10' ಅಂತಲೇ ಕಳಿಸುತ್ತವೆ. ಕ್ರೋಮ್‌ನ ಮುಖ್ಯ ಆವೃತ್ತಿ ಸಂಖ್ಯೆ ಮಾತ್ರ ನಿಜ, 106ನ್ನೂ ಅದಕ್ಕಿಂತ ಕೆಳಗಿನವನ್ನೂ ಅದರಿಂದಲೇ ಎಣಿಸಿ.