ಕಣ್ಣಿನ ಒತ್ತಡ 14, ಆದರೂ ದೃಷ್ಟಿ ಕುಗ್ಗುತ್ತಿದೆ

ಪ್ರಶ್ನೆ: ವಯಸ್ಸು 64, ಅಡಿಕೆ ಕೃಷಿಕ. ಗ್ಲಾಕೋಮಾಕ್ಕೆ (ಕಣ್ಣಿನ ನರ ಹಾಳಾಗುವ ಕಾಯಿಲೆ) ರಾತ್ರಿ ಲ್ಯಾಟನೋಪ್ರಾಸ್ಟ್, ಬೆಳಿಗ್ಗೆ-ರಾತ್ರಿ ಟಿಮೊಲಾಲ್ ಹನಿ ಬಿಡುತ್ತೇನೆ. ಕಣ್ಣಿನ ಒತ್ತಡ 14ರಲ್ಲೇ ಇದ್ದರೂ ಸುತ್ತಲಿನ ದೃಷ್ಟಿ ಅಳೆಯುವ ಫೀಲ್ಡ್ ಟೆಸ್ಟ್ ಈ ಸಲ ಇನ್ನೂ ಕೆಟ್ಟಿದೆ. ಬಿ.ಪಿ.ಗೆ ರಾತ್ರಿ ಊಟವಾದ ಮೇಲೆ ಆಮ್ಲೋಡಿಪಿನ್, ಟೆಲ್ಮಿಸಾರ್ಟಾನ್, ಹಗಲು 130/82. ಮಂಗಳೂರಿನ ಕಣ್ಣಿನ ಡಾಕ್ಟರು ಬಿ.ಪಿ. ಮಾತ್ರೆ ಎಷ್ಟು ಹೊತ್ತಿಗೆ ಎಂದು ಕೇಳಿದರು. ಏನು ಸಂಬಂಧ?
– ಓದುಗರು, ಬದಿಯಡ್ಕ

ಉತ್ತರ: ಕೇಳಬೇಕಾದ್ದನ್ನೇ ಕೇಳಿದ್ದಾರೆ. ಕಣ್ಣಿನ ನರಕ್ಕೆ ರಕ್ತ ಹೋಗಬೇಕಾದರೆ ಕಣ್ಣಿನೊಳಗಿನ ಒತ್ತಡವನ್ನು ಮೀರಿ ನುಗ್ಗಬೇಕು. ಗುಡ್ಡದ ತೋಟಕ್ಕೆ ನೀರೇರಿಸುವ ನಿಮಗೆ ಬಿಡಿಸಿ ಹೇಳಬೇಕಿಲ್ಲ: ಪಂಪಿನ ಬಲ ಇಳಿದರೆ ಮೊದಲು ಒಣಗುವುದು ತುದಿಯ ಸಾಲು.

ಸ್ಥೂಲ ಲೆಕ್ಕ ಹೀಗೆ: ಬಿ.ಪಿ.ಯ ಕೆಳಗಿನ ಅಂಕೆಯಿಂದ ಕಣ್ಣಿನ ಒತ್ತಡ ಕಳೆಯಿರಿ. ಹಗಲು ನಿಮ್ಮದು 82ರಲ್ಲಿ 14 ಹೋಗಿ 68. ನಿದ್ದೆಯಲ್ಲಿ ಬಿ.ಪಿ. ಸಾಮಾನ್ಯವಾಗಿ ಶೇ. 10ರಿಂದ 20ರಷ್ಟು ಇಳಿಯುತ್ತದೆ, ಮಲಗಿದಾಗ ಕಣ್ಣಿನ ಒತ್ತಡ ಏರುತ್ತದೆ. ಅದರ ಮೇಲೆ ರಾತ್ರಿಯ ಎರಡು ಮಾತ್ರೆ. ನಸುಕಿಗೆ ಕೆಳಗಿನ ಅಂಕೆ 58, ಕಣ್ಣಿನದು 18 ಆಯಿತೆನ್ನಿ, ಉಳಿದದ್ದು 40. ಈ ಉಳಿಕೆ 50ಕ್ಕಿಂತ ಕಡಿಮೆಯಿದ್ದವರಲ್ಲಿ ಗ್ಲಾಕೋಮಾ ಹೆಚ್ಚೆಂದು ಸಮೀಕ್ಷೆಗಳಲ್ಲಿ ಕಂಡಿದೆ. ಹಗಲು ಕುರ್ಚಿಯಲ್ಲಿ ಕೂರಿಸಿ ನೋಡಿದ 14ಕ್ಕೆ ಇದೊಂದೂ ಗೊತ್ತಾಗದು.

ಹಾಗೆಂದು ಮಾತ್ರೆ ನೀವಾಗಿ ನಿಲ್ಲಿಸಬೇಡಿ. ಪಾರ್ಶ್ವವಾಯುವಿನ ಭಯ ಕಣ್ಣಿನದಕ್ಕಿಂತ ದೊಡ್ಡದು. 24 ಗಂಟೆಯ ಬಿ.ಪಿ. ಪರೀಕ್ಷೆ ಮಾಡಿಸಿ. ತೋಳಿಗೆ ಕಟ್ಟಿದ ಪಟ್ಟಿ ನಿದ್ದೆಯಲ್ಲೂ ಆಗಾಗ ಬಿಗಿಯುತ್ತದೆ, ಸ್ವಲ್ಪ ಕಿರಿಕಿರಿ. ಇಳಿತ ಶೇ. 20 ದಾಟಿದ್ದರೆ ಮಾತ್ರೆಯನ್ನು ಬೆಳಿಗ್ಗೆಗೆ ಬದಲಿಸಬಹುದೇ ಎಂದು ಕೇಳಿ. 21 ಸಾವಿರಕ್ಕೂ ಹೆಚ್ಚು ಜನರಿದ್ದ ಬ್ರಿಟನ್ನಿನ 'ಟೈಮ್' ಅಧ್ಯಯನದಲ್ಲಿ (2022) ಬೆಳಿಗ್ಗೆ ತಗೊಂಡರೂ ರಾತ್ರಿ ತಗೊಂಡರೂ ಹೃದಯದ ರಕ್ಷಣೆಯಲ್ಲಿ ವ್ಯತ್ಯಾಸ ಕಾಣಲಿಲ್ಲ.

ರಾತ್ರಿಯ ಟಿಮೊಲಾಲ್ ಬಗ್ಗೆಯೂ ಕೇಳಿ. ನಿದ್ದೆಯ ಹೊತ್ತಿನ ಕಣ್ಣಿನ ಒತ್ತಡಕ್ಕೆ ಅದರಿಂದ ಲಾಭ ಅಷ್ಟಕ್ಕಷ್ಟೆ. ಮೂಗಿನೊಳಗೆ ಇಳಿದು ರಕ್ತ ಸೇರಿದರೆ ನಾಡಿಮಿಡಿತ, ಬಿ.ಪಿ. ಎರಡನ್ನೂ ತಗ್ಗಿಸಬಹುದು. ಹನಿ ಬಿಟ್ಟ ಕೂಡಲೇ ಕಣ್ಣು ಮುಚ್ಚಿ, ಮೂಗಿನ ಬದಿಯ ಮೂಲೆಯನ್ನು ಎರಡು ನಿಮಿಷ ಬೆರಳಿಂದ ಒತ್ತಿಕೊಳ್ಳಿ.

ಪ್ರೋಸ್ಟೇಟಿಗೆ ಟ್ಯಾಮ್ಸುಲೋಸಿನ್ ತಗೊಳ್ಳುತ್ತಿದ್ದರೆ ಅದನ್ನೂ ಹೇಳಿ, ಅದೂ ಬಿ.ಪಿ. ಇಳಿಸಬಲ್ಲದು. ಊರಿನ ಡಾಕ್ಟರಿಗೆ ಹನಿಯ ವಿಷಯ ಯಾರೂ ಹೇಳುವುದಿಲ್ಲ, ಅದು ಔಷಧಿಯೆಂದೇ ಜನರಿಗೆ ಅನಿಸುವುದಿಲ್ಲ. ಎರಡೂ ಕಡೆಗೆ ಎಲ್ಲ ಚೀಟಿಗಳನ್ನು ಒಯ್ಯಿರಿ.