ಅಕ್ಕಾ, ಅಕ್ಟೋಬರಿಗೆ ಜರ್ಮನಿಗೆ ಹೊಂಟೀನಿ

ಪ್ರಶ್ನೆ: ಅಕ್ಕಾ ನಮಸ್ಕಾರ. ನಾವು ಪುಣೆದಾಗ ಕೋಥ್ರೂಡದಾಗ ಇರ್ತೀವಿ, ಊರು ಧಾರವಾಡ. ಇಂಜಿನಿಯರಿಂಗ್ ಮೂರನೇ ವರ್ಷ, ಅಕ್ಟೋಬರಿಗೆ ಒಂದು ಸೆಮಿಸ್ಟರ್ ಜರ್ಮನಿಗೆ ಎಕ್ಸ್‌ಚೇಂಜ್ ಮ್ಯಾಲೆ ಹೊಂಟೀನಿ. ವೀಸಾ ಬೆಂಗಳೂರಾಗ ಹಾಕು ಅಂತಾರ ಕಾಕಾ, ರೊಕ್ಕ ಎಷ್ಟು ಬೇಕು ಅಂತಾರ ಅಪ್ಪಾ, ಹೋದ ಮ್ಯಾಲೆ ಮೊದಲು ಏನು ಮಾಡ್ಬೇಕು ಅನ್ನೋದ ನನಗ ತಿಳೀವಲ್ದು. (ಹೆಸರು ಬೇಡ, ಪುಣೆ)

ಉತ್ತರ: ತಂಗಿ, ಊರು ಧಾರವಾಡ ಆದ್ರೂ ನೀನು ಇರೋದು ಓದೋದು ಪುಣೆಯಲ್ಲಿ, ಹಾಗಾಗಿ ನಿನಗೆ ಮುಂಬಯಿ ಕಾನ್ಸುಲೇಟೇ, ನಾರಿಮನ್ ಪಾಯಿಂಟ್‌ನಲ್ಲಿರೋದು. ಮಹಾರಾಷ್ಟ್ರ, ಗೋವಾದವರು ಅಲ್ಲಿಗೆ ಬರ್ತಾರೆ, ಬೆಂಗಳೂರಿಂದು ಕರ್ನಾಟಕ, ಕೇರಳದವರಿಗೆ. ಬೇಕಾದ್ದು ನ್ಯಾಷನಲ್ ವೀಸಾ, ಅಂದ್ರೆ 90 ದಿನಕ್ಕಿಂತ ಹೆಚ್ಚು ಇರೋರಿಗೆ ಕೊಡೋದು, 90 ದಿನದ ಶೆಂಗೆನ್ ವೀಸಾ ಅಲ್ಲ. ಈಗಿಂದ್ಲೇ ಶುರು ಮಾಡು, ಗಣಪತಿ ಹಬ್ಬ ಮುಗೀಲಿ ಅಂತ ಕಾಯಬೇಡ.

ರೊಕ್ಕದ ಲೆಕ್ಕ ಅಪ್ಪಾಜಿಗೆ ಹೀಗೆ ಹೇಳು. ನಾನು 2018ರಲ್ಲಿ ಹೋದಾಗ ಬ್ಲಾಕ್ಡ್ ಅಕೌಂಟಲ್ಲಿ, ಅಂದ್ರೆ ಅಲ್ಲಿನ ಖರ್ಚಿಗೆ ದುಡ್ಡಿದೆ ಅಂತ ವೀಸಾಕ್ಕೆ ತೋರಿಸೋಕೆ ಮೊದಲೇ ಕಟ್ಟಿಡೋ ಖಾತೇಲಿ, ತಿಂಗಳಿಗೆ 720 ಯೂರೋ ತೋರಿಸ್ಬೇಕಿತ್ತು, 2024ರ ಸೆಪ್ಟೆಂಬರಿಂದ ಅದು 992 ಆಗಿದೆ, ಆರು ತಿಂಗಳಿಗೆ ಅಂದ್ರೆ 5,952. ಅರ್ಜಿ ಹಾಕೋ ದಿನ ಈ ಅಂಕಿ ಇನ್ನೊಂದ್ಸಲ ನೋಡ್ಕೊಳ್ಳಿ, ಬದಲಾಗ್ತಾ ಇರುತ್ತೆ. ಆದ್ರೆ ನಿಜವಾದ ತೊಂದ್ರೆ ಬೇರೆ ಕಡೆ ಇದೆ: ಆ ದುಡ್ಡು ನಿನ್ನದೇ ಆದ್ರೂ ಅಲ್ಲಿ ಇಳಿದ ದಿನ ಕೈಗೆ ಸಿಗಲ್ಲ, ಅಲ್ಲೊಂದು ಅಕೌಂಟ್ ತೆಗೆದ ಮೇಲೆ ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಬಿಡ್ತಾರೆ. ಅದಕ್ಕೇ ಮೊದಲ ಎರಡು ತಿಂಗಳ ಬಾಡಿಗೆ, ರೂಮಿನ ಡಿಪಾಸಿಟ್, ಊಟದ ಖರ್ಚು ಇಷ್ಟನ್ನ ಫಾರೆಕ್ಸ್ ಕಾರ್ಡಲ್ಲಿ ಬೇರೆ ಇಟ್ಕೊಂಡೇ ವಿಮಾನ ಹತ್ತು.

ಹೋದ ಮೇಲೆ ಮೊದಲು ಮಾಡೋದು ಒಂದೇ, ವಿಳಾಸದ ನೋಂದಣಿ. ಆನ್‌ಮೆಲ್ಡುಂಗ್ ಅಂತಾರೆ, ಮನೆ ಸೇರಿದ ಎರಡು ವಾರದೊಳಗೆ ಮಾಡಿಸ್ಬೇಕು ಅನ್ನೋದು ಅಲ್ಲಿನ ಕಾನೂನು. ಅದಕ್ಕೆ ಮನೆ ಮಾಲೀಕರು ಸಹಿ ಮಾಡಿದ ಒಂದು ಕಾಗದ ಬೇಕು, ಇವರು ನನ್ನ ಮನೇಲಿ ಇಂಥಾ ತಾರೀಕಿಂದ ಇದ್ದಾರೆ ಅಂತ. ಬಾಡಿಗೆ ಕರಾರು ತೋರಿಸಿದ್ರೆ ಸಾಕು ಅಂದ್ಕೊಂಡಿದ್ದೆ ನಾನು, ಸಾಲಲಿಲ್ಲ. ನನಗೆ ರೂಮು ಕೊಟ್ಟವರು ಆ ಕಾಗದ ನಾಳೆ ಕೊಡ್ತೀನಿ ನಾಡಿದ್ದು ಕೊಡ್ತೀನಿ ಅಂತ ಮೂರು ವಾರ ತಳ್ಳಿದ್ರು, ನೋಂದಣಿ ಇಲ್ಲ ಅಂತ ಬ್ಯಾಂಕಿನವರು ಅಕೌಂಟ್ ಕೊಡ್ಲಿಲ್ಲ, ಅಕೌಂಟ್ ಇಲ್ಲ ಅಂತ ಬ್ಲಾಕ್ ಆಗಿದ್ದ ದುಡ್ಡು ಬರ್ಲಿಲ್ಲ, ಡೊಂಬಿವಲಿಯಿಂದ ಅಪ್ಪ ಮತ್ತೆ ದುಡ್ಡು ಕಳಿಸ್ಬೇಕಾಯ್ತು, ಆ ಸಲ ಅವರ ದನಿ ಫೋನಲ್ಲಿ ಹೇಗಿತ್ತು ಅನ್ನೋದು ನನಗೆ ಇವತ್ತಿಗೂ ನೆನಪಿದೆ. ಹಾಗಾಗಿ ರೂಮು ಹಿಡಿಯೋವಾಗಲೇ ಕೇಳು, ಈ ಕಾಗದ ಕೊಡ್ತೀರಾ ಅಂತ, ಉತ್ತರ ಮೇಲ್‌ನಲ್ಲೇ ತಗೋ. ಸ್ಟುಡೆಂಟ್ ಹಾಸ್ಟೆಲ್ ಸಿಕ್ಕಿದ್ರೆ ಕಣ್ಣು ಮುಚ್ಚಿ ಒಪ್ಕೋ, ಕೋಣೆ ಚಿಕ್ಕದಿದ್ರೂ ಪರವಾಗಿಲ್ಲ. ಮಾಲೀಕರು ಬೇರೆ ದೇಶದಲ್ಲಿದ್ದಾರೆ, ಡಿಪಾಸಿಟ್ ಹಾಕಿ, ಕೀ ಕೊರಿಯರ್ ಮಾಡ್ತೀವಿ ಅಂತ ಯಾರಾದ್ರೂ ಬರೆದ್ರೆ ಅಲ್ಲಿಗೇ ಮಾತು ನಿಲ್ಲಿಸು, ಅದು ಮೋಸ.

ನೀನು ಕೇಳದೇ ಇರೋದು ಒಂದು ಹೇಳ್ತೀನಿ. ಅಲ್ಲಿ ವಿಂಟರ್ ಸೆಮಿಸ್ಟರ್ ಕಾಗದದ ಮೇಲೆ ಅಕ್ಟೋಬರ್ 1ರಿಂದ ಮಾರ್ಚ್ 31, ಪಾಠ ಸುಮಾರು ಫೆಬ್ರವರಿ ಮೊದಲ ವಾರಗಳ ತನಕ, ಪರೀಕ್ಷೆ ಅದಾದ್ಮೇಲೆ. ನಿನ್ನ ಪುಣೆ ಕಾಲೇಜಲ್ಲಿ ಅಷ್ಟೊತ್ತಿಗೆ ಮುಂದಿನ ಸೆಮಿಸ್ಟರ್ ಶುರುವಾಗಿರುತ್ತೆ. ಆ ಅಟೆಂಡೆನ್ಸ್ ಕತೆ ಏನು, ಅಲ್ಲಿನ ಯಾವ ಪೇಪರ್ ಇಲ್ಲಿನ ಯಾವುದಕ್ಕೆ ಸಮ, ಎಷ್ಟು ಕ್ರೆಡಿಟ್ ಅನ್ನೋದನ್ನ ಎಚ್‌ಒಡಿ ಹತ್ರ ಬರಹದಲ್ಲಿ ತಗೊಂಡು ಹೋಗು. ಯುರೋಪಿನ ಲೆಕ್ಕದಲ್ಲಿ ಒಂದು ಪೂರ್ತಿ ಸೆಮಿಸ್ಟರ್ ಅಂದ್ರೆ 30 ಕ್ರೆಡಿಟ್. ಹೊಸ ದೇಶ, ಹೊಸ ಭಾಷೆ, 30 ಹಿಡಿದು ಒದ್ದಾಡೋ ಬದಲು ಕಾಲೇಜು ಒಪ್ಪಿದ್ರೆ ಕಮ್ಮಿ ಹಿಡಿ, ನನ್ನ ಅಭಿಪ್ರಾಯ ಇದು.

ಇನ್ನು ಮನಸ್ಸಿನ ಮಾತು. ಮೊದಲ ವಾರ ಅಳು ಬರಲ್ಲ, ಓಡಾಟದಲ್ಲೇ ಹೋಗುತ್ತೆ. ಕಷ್ಟ ಆಗೋದು ನವೆಂಬರಲ್ಲಿ. ಅಕ್ಟೋಬರಿನ ಕೊನೇ ಭಾನುವಾರ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತೆ, ನಮಗೂ ಅವರಿಗೂ ಮೂರೂವರೆ ಗಂಟೆ ಇದ್ದ ಅಂತರ ನಾಲ್ಕೂವರೆ ಆಗುತ್ತೆ, ಡಿಸೆಂಬರಲ್ಲಿ ಬರ್ಲಿನ್‌ನಂಥಾ ಕಡೆ ಸಂಜೆ ನಾಲ್ಕಕ್ಕೇ ಕತ್ತಲು. ಭಾನುವಾರ ಅಂಗಡಿ ಮುಚ್ಚಿರುತ್ತೆ, ಬೀದೀಲಿ ಜನ ಇರಲ್ಲ, ಪುಣೆಯಂಥಾ ಊರಿಂದ ಹೋದವಳಿಗೆ ಆ ಮೌನ ಎದೆ ಮೇಲೆ ಕೂತ ಹಾಗಾಗುತ್ತೆ. ಮಧ್ಯಾಹ್ನದ ಊಟ ಕೋಣೇಲಿ ಒಬ್ಬಳೇ ಮಾಡ್ಬೇಡ, ಮೆನ್ಸಾಗೆ ಅಂದ್ರೆ ಯೂನಿವರ್ಸಿಟಿ ಊಟದ ಹಾಲಿಗೆ ಹೋಗು, ಅನ್ನ ಸಾರು ಇರಲ್ಲ ಆದ್ರೆ ಎದುರಿಗೆ ಒಂದು ಮುಖ ಇರುತ್ತೆ. ಅಮ್ಮನಿಗೆ ಫೋನು ಬೆಳಕಿರೋವಾಗ್ಲೇ ಮಾಡು.

ಪ್ರಶ್ನೆ: ಮೇಡಂ, ನನ್ನ ಮಗಾನೂ ಜರ್ಮನಿಗೆ ಹೊಂಟಾನ. ತುಪ್ಪ, ಧಾರವಾಡ ಪೇಡೆ, ಕರಿಬೇವು ಕಟ್ಟಿಕೊಡಬೇಕಂತೀನಿ. ಬಿಡ್ತಾರೇನ್ರಿ? (ವಾಸ್ಕೋ, ಗೋವಾ)

ಉತ್ತರ: ಅಕ್ಕಾರೇ, ಮೂರೂ ಬೇಡ. ಹಾಲಿಂದ ಆದದ್ದು, ಮಾಂಸದ್ದು ನಮ್ಮ ಕಡೆಯಿಂದ ಯುರೋಪಿಯನ್ ಯೂನಿಯನ್ ಒಳಗೆ ಒಯ್ಯೋ ಹಾಗಿಲ್ಲ, ಸಿಕ್ಕಿದ್ರೆ ಕಸ್ಟಮ್ಸ್‌ನಲ್ಲಿ ತಗೊಂಡುಬಿಡ್ತಾರೆ. ಹಸಿ ಕರಿಬೇವಿಗೆ ಗಿಡದ ಆರೋಗ್ಯದ ಸರ್ಟಿಫಿಕೇಟ್ ಕೇಳ್ತಾರೆ, ಆದ್ರೆ ತೆಂಗಿನಕಾಯಿಗೆ ಅದು ಬೇಕಿಲ್ಲ! ಶೇಂಗಾ ಚಟ್ನಿಪುಡಿ, ಗುರೆಳ್ಳು, ಅಗಸಿ, ಸಾರಿನ ಪುಡಿ, ಖಡಕ್ ರೊಟ್ಟಿ ಧಾರಾಳ ಕಟ್ಟಿ, ರೊಟ್ಟಿ ಗಟ್ಟಿ ಡಬ್ಬೀಲಿ ಇಡಿ. ಚಿಕ್ಕ ಕುಕ್ಕರ್ ಒಂದು ದೊಡ್ಡ ಬ್ಯಾಗಿಗೆ ಹಾಕಿ. ತುಪ್ಪಕ್ಕೆ ಚಿಂತೆ ಬೇಡ, ಅಲ್ಲಿ ಉಪ್ಪಿಲ್ಲದ ಬೆಣ್ಣೆ ಎಲ್ಲ ಅಂಗಡೀಲೂ ಸಿಗುತ್ತೆ, ಕಾಯಿಸೋದು ಹೇಗೆ ಅಂತ ಹೋಗೋ ಮುಂಚೆ ಮಗನ ಕೈಯಿಂದ್ಲೇ ಎರಡು ಸಲ ಮಾಡಿಸಿ.

ಪ್ರಶ್ನೆ: ನಮ್ಮ ಚಾರ್ಜರ್ ಅಲ್ಲಿ ಸುಟ್ಟು ಹೋಗುತ್ತಾ? (ಮುಲುಂಡ್, ಮುಂಬಯಿ)

ಉತ್ತರ: ಇಲ್ಲ. ಅಲ್ಲೂ 230 ವೋಲ್ಟೇ, ನಮ್ಮ ಮೂರು ಪಿನ್ ಪ್ಲಗ್ ಮಾತ್ರ ಅಲ್ಲಿನ ಸಾಕೆಟ್ಟಿಗೆ ಕೂರಲ್ಲ. ಒಂದು ಒಳ್ಳೆ ಅಡಾಪ್ಟರ್, ಜೊತೆಗೆ ಇಲ್ಲಿಂದ್ಲೇ ಒಂದು ಎಕ್ಸ್‌ಟೆನ್ಷನ್ ಬೋರ್ಡ್ ತಗೊಂಡ್ರೆ ಫೋನು, ಲ್ಯಾಪ್‌ಟಾಪ್ ಎಲ್ಲಾ ಒಂದ್ರಲ್ಲೇ ಆಗುತ್ತೆ. ಮಿಕ್ಸರ್ ಅದಕ್ಕೆ ಹಾಕಬೇಡಿ, ಭಾರ ತಡೆಯಲ್ಲ.